ಗೇಟಿನಾಚೆ

ಮಲ್ಲತ್ತಹಳ್ಳಿಯ ಚಿಕ್ಕಣ್ಣನವರಿಗೆ ಬೈಪಾಸ್ ಆಪರೇಷನ್ ಆಗಿ ಆರು ವಾರ ಕಳೆದಿತ್ತು. ದಿನಾ ಅರ್ಧ ಗಂಟೆ ನಡೀಬೇಕು ಅಂತ ಡಾಕ್ಟರು ಹೇಳಿದ್ದರೂ ಅವರು ಮನೆ ಗೇಟು ದಾಟಿರಲಿಲ್ಲ. ನಾನು ಮನೆಮನೆಗೆ ಹೋಗಿ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್. ಅವರ ಹೆಂಡತಿ ನನ್ನನ್ನು ಕರೆಸಿದ್ದು ಅದಕ್ಕೇ.

ಮನೆಯೊಳಗೆ ಹೇಳಿದ್ದನ್ನೆಲ್ಲ ಮಾಡುತ್ತಿದ್ದರು. "ಬನ್ನಿ, ಸ್ವಲ್ಪ ಹೊರಗೆ ಹೋಗಿಬರೋಣ" ಅಂದರೆ ಮಾತ್ರ "ನಾಳೆ ನೋಡೋಣ ಮೇಡಂ" ಅನ್ನುತ್ತಿದ್ದರು. ಐದನೇ ದಿನ ಕೇಳಿಯೇಬಿಟ್ಟರು.

"ನಾನು ರಸ್ತೇಲಿ ಬಿದ್ದುಹೋದ್ರೆ ನೀವೇನ್ ಮಾಡ್ತೀರ?"

"ಏನೂ ಆಗಲ್ಲ ಸಾರ್. ರಿಪೋರ್ಟ್ ಎಲ್ಲ ಚೆನ್ನಾಗಿದೆ."

"ನಾನ್ ಕೇಳಿದ್ದು ಅದಲ್ಲ."

ನಿಜ. ಹೆದರಿದವರಿಗೆಲ್ಲ ನಾನು ಹೇಳುವ ಮಾತು ಅದು, ಬಾಯಿಪಾಠವಾಗಿತ್ತು. ಸ್ವಲ್ಪ ಯೋಚಿಸಿ ಹೇಳಿದೆ. "ನಿಮ್ಮನ್ನ ನೆಲದ ಮೇಲೆ ಮಲಗಿಸಿ ಆಂಬುಲೆನ್ಸ್‌ಗೆ ಫೋನ್ ಮಾಡ್ತೀನಿ. ಉಸಿರು ನಿಂತಿದ್ರೆ ಎದೆ ಒತ್ತುತ್ತೀನಿ, ಅದು ನಂಗೆ ಬರುತ್ತೆ. ಅವರು ಬರೋವರೆಗೂ ನಿಮ್ಮನ್ನ ಬಿಟ್ಟು ಕದಲಲ್ಲ."

ಕಾಫಿ ತರುತ್ತಿದ್ದ ಅವರ ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಟರು. ಇಷ್ಟು ಬಿಡಿಸಿ ಹೇಳಬಾರದಿತ್ತೇನೋ ಅನ್ನಿಸಿತು. ಚಿಕ್ಕಣ್ಣನವರು ಮಾತ್ರ ಎದ್ದು ಚಪ್ಪಲಿ ಹುಡುಕತೊಡಗಿದರು.

ಆವತ್ತು ರಸ್ತೆ ತಿರುವಿನವರೆಗೆ ಹೋಗಿಬಂದೆವು. ಈಗ ಅವರು ದಿನಾ ಬೆಳಗ್ಗೆ ಕೆರೆ ಸುತ್ತುತ್ತಾರೆ. ಏದುಸಿರಿಲ್ಲದೆ ಮಾತಾಡಲು ಆಗುವಷ್ಟು ವೇಗದಲ್ಲಿ ನಡೆಯಿರಿ ಅಂತ ನಾವು ಫಿಸಿಯೋಥೆರಪಿಸ್ಟ್‌ಗಳು ಹೇಳಿಕೊಡುತ್ತೇವೆ. ಸೈಟಿನ ರೇಟಿನಿಂದ ಹಿಡಿದು ಕಾರ್ಪೊರೇಷನ್ ಚುನಾವಣೆಯವರೆಗೆ ಅವರು ಮಾತಾಡುವುದನ್ನು ಕೇಳಿದರೆ, ಆ ಕೆರೆ ದಂಡೆಯಲ್ಲಿ ಅವರಷ್ಟು ಆರೋಗ್ಯವಂತರು ಇನ್ನೊಬ್ಬರಿಲ್ಲ.