ಮಿಸ್ತ್ರಿಯ ಜೇಬಿನ ಆಲೂಗಡ್ಡೆ

೧೯೫೦ ಜನವರಿ ೧೯, ಗುರುವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಹುಮನಾಬಾದಿನ ಬ್ಯಾಟರಿ ಮಿಸ್ತ್ರಿ ಮಂಠಾಳದ ನಮ್ಮ ಹೊಲದಲ್ಲಿ ಬಂಡಿಯಿಂದ ಇಳಿದಾಗ ಮೊದಲು ಕಂಡದ್ದು ಅವರ ಅಂಗಿ. ಆಸಿಡ್ ಸಿಡಿದು ಎದೆಯ ಮೇಲೆಲ್ಲ ತೂತು, ಎಣಿಸಿದೆ, ಹತ್ತೊಂಬತ್ತು. ಜೇಬು ಮಾತ್ರ ಉಬ್ಬಿಕೊಂಡಿತ್ತು. ಒಳಗಿದ್ದದ್ದು ಒಂದು ಆಲೂಗಡ್ಡೆ.

ಕಾಕಾ ಆ ವರ್ಷ ಹಳೆಯ ಟ್ರ್ಯಾಕ್ಟರ್ ಕೊಂಡಿದ್ದರು. ಅದನ್ನು ನಂಬಿ ಎತ್ತಿನ ಗಾಣ ಬಿಚ್ಚಿಹಾಕಿ, ಟ್ರ್ಯಾಕ್ಟರಿನ ಪಟ್ಟಾದಿಂದ ತಿರುಗುವ ಕಬ್ಬಿಣದ ಗಾಣ ಹೂಡಿದ್ದರು. ಟ್ರ್ಯಾಕ್ಟರಿಗೆ ಬೇರೆ ಬ್ಯಾಟರಿ ಹಾಕಿದಂದಿನಿಂದ ಆ ಬ್ಯಾಟರಿ ದಿನಕ್ಕೊಮ್ಮೆ ಸಾಯತೊಡಗಿತು. ಮೂರು ಸಲ ತುಂಬಿಸಿ ತಂದರೂ ಅದೇ ಪಾಡು. ಕಡಿದ ಕಬ್ಬು ನಾಲ್ಕು ದಿನದಿಂದ ಬಿಸಿಲಲ್ಲಿ ಬಿದ್ದಿತ್ತು. ಇನ್ನೆರಡು ದಿನ ಹೋದರೆ ಬೆಲ್ಲ ಕಟ್ಟುವಂತಿರಲಿಲ್ಲ.

"ಬ್ಯಾಟರಿ ತುಂಬೋ ಡೈನಮೋ ಸುಟ್ಟದರಿ, ಮುಂಬೈಯಿಂದ ತರಸಬೇಕು. ಇಲ್ಲಾಂದ್ರ ಹನ್ನೆರಡು ವೋಲ್ಟಿನ ಬ್ಯಾಟರಿ ಹಚ್ಚೋಣು," ಎಂದ ಟ್ರ್ಯಾಕ್ಟರಿನ ಡ್ರೈವರ್.

"ಆರು ರೊಟ್ಟಿ ಉಣ್ಣೋ ಹೊಟ್ಟಿಗಿ ಹನ್ನೆರಡು ತುರುಕತೀ ಏನಪ್ಪಾ? ಇದು ಆರು ವೋಲ್ಟಿನ ಗಾಡಿ, ಬಲ್ಬ್ ಸುಡ್ತಾವ," ಎಂದರು ಮಿಸ್ತ್ರಿ. ಆಮೇಲೆ ಕೇಳಿದರು: "ಮೈನಸ್ ಮೈಗೆ ಹಚ್ಚಂತ ಹೇಳಿದವರು ಯಾರು?" ಮೈ ಎಂದರೆ ಟ್ರ್ಯಾಕ್ಟರಿನ ಕಬ್ಬಿಣದ ಒಡಲು.

ಹೇಳಿದವನು ನಾನು. ದಿನಚರಿ ತೆರೆದು ಓದಿದೆ: "ಹುಮನಾಬಾದದಾಗ ಏಳು ಮಿಲಿಟರಿ ಲಾರಿ ನೋಡೇನ್ರಿ. ಏಳಕ್ಕೂ ಮೈನಸ್ಸೇ ಮೈಗೆ."

"ಭಲೇ ಮುನ್ಶಿ ಸಾಬ್! ಏಳು ಮಂದಿ ಲಗ್ನ ಉಂಡು ಬಂದು, ಎಂಟನೇದವನ ಹೆಂಡ್ತಿ ಹೆಸರು ಹೇಳಾಕತ್ತೀರಿ!" ದಿನಚರಿ ನೋಡಿ ನನ್ನನ್ನು ಮುನ್ಶಿ, ಅಂದರೆ ಗುಮಾಸ್ತ, ಎಂದು ಕರೆದು ನಕ್ಕರು ಮಿಸ್ತ್ರಿ.

"ಇಂವ ಬರ್ಕೊಂಡಾನಂದ್ರ ತಪ್ಪಂಗಿಲ್ಲಂತ ನಾನೂ ನಂಬಿದ್ನಿ," ಎಂದರು ಕಾಕಾ. ನನಗೆ ತಲೆ ಎತ್ತಲಾಗಲಿಲ್ಲ.

ಮಿಸ್ತ್ರಿ ನನ್ನ ಕೈ ಹಿಡಿದು ಬ್ಯಾಟರಿಯ ಹತ್ತಿರ ಕೂರಿಸಿದರು. ಒಡಲಿಗೆ ಹೋಗುವ ಪಟ್ಟಿಯ ತುದಿಯ ಬಳೆ ದೊಡ್ಡದು. ಬ್ಯಾಟರಿಯ ತಲೆಯ ಎರಡು ಸೀಸದ ಕಂಬಗಳಲ್ಲಿ ಸಣ್ಣದಾದ ಮೈನಸ್ ಕಂಬಕ್ಕೆ ಅದು ಬಿಗಿಯಾಗದೆ ಡ್ರೈವರ್ ತಗಡು ತುರುಕಿದ್ದ. ಇನ್ನೊಂದು ಬಳೆಯನ್ನು ದಪ್ಪ ಕಂಬಕ್ಕೆ ಹೊಂದಲೆಂದು ಬಡಿದು ಅಗಲ ಮಾಡಿದ್ದ. "ಪ್ಲಸ್ ಕಂಬ ದಪ್ಪ ಇರ್ತದ. ಈ ದೊಡ್ಡ ಬಳಿ ಯಾರಿಗಿ ಮಾಡ್ಯಾರ, ಹೇಳ್ರಿ?"

"ಪ್ಲಸ್ಸಿಗಿ. ಅಂದ್ರ ಇದಕ್ಕ ಪ್ಲಸ್ಸೇ ಮೈಗೆ!" ಎಂದೆ. "ಆದ್ರ ಮೀಟರಿನ ಮುಳ್ಳು ಬ್ಯಾಟರಿ ತುಂಬೋ ಕಡೀನೇ ಇತ್ತಲ್ರಿ?"

"ಉಲ್ಟಾ ಹಚ್ಚಿದ್ರ ಮುಳ್ಳೂ ಉಲ್ಟಾ ಹೇಳ್ತದ. ಬ್ಯಾಟರಿ ಒಂದ್ ದಿಕ್ಕಿಗಿ, ಡೈನಮೋ ಒಂದ್ ದಿಕ್ಕಿಗಿ ಎಳದ್ರ ಬಂಡಿ ನಡೀತದೇನು?"

ಜೊತೆಗೆ ತಂದಿದ್ದ ತುಂಬಿದ ಬ್ಯಾಟರಿಯ ಎರಡು ಕಂಬಗಳಿಗೆ ತಾಮ್ರದ ತಂತಿ ಹಚ್ಚಿ, ಹೋಳು ಮಾಡಿದ ಆಲೂಗಡ್ಡೆಗೆ ಎರಡನ್ನೂ ಚುಚ್ಚಿದರು. ಕಂಬಗಳ ಮೇಲೆ ಗುರುತಿದೆಯಲ್ಲ ಎಂದೆ. "ಗುರುತು ಮಂದಿ ಕೊರೀತಾರ, ತಪ್ಪತಾರ. ಆಲೂಗಡ್ಡಿಗಿ ಓದಾಕ ಬರಂಗಿಲ್ಲ, ಅದಕ್ಕ ಅದನ್ನ ಕೇಳ್ತೀನಿ." ಮೂರು ನಿಮಿಷದಲ್ಲಿ ಒಂದು ತಂತಿಯ ಸುತ್ತ ಹಸಿರು ಮೂಡಿತು. ಅದು ಪ್ಲಸ್. ಆ ಬ್ಯಾಟರಿಯನ್ನೇ ಟ್ರ್ಯಾಕ್ಟರಿಗೆ ಕೂರಿಸಿ, ಆ ಕಂಬವನ್ನು ಒಡಲಿಗೆ ಬಿಗಿದರು. ಬಳೆ ತಗಡಿಲ್ಲದೆ ಕೂತಿತು. ಡೈನಮೋಗೆ ಸರಿಯಾದ ದಿಕ್ಕು ತೋರಿಸಲು ಬ್ಯಾಟರಿಯ ತಂತಿ, ಡೈನಮೋದ ತಂತಿ ಬಂದು ಸೇರುವ ಎರಡು ತಿರುಪುಗಳ ನಡುವೆ ತುಂಡು ತಂತಿ ಮುಟ್ಟಿಸಿ ತೆಗೆದರು, ಚಿಟ್ಟೆಂದು ಕಿಡಿ.

ಒಂಬತ್ತು ನಲವತ್ತಕ್ಕೆ ಟ್ರ್ಯಾಕ್ಟರ್ ಗುಡುಗಿತು. ಮುಳ್ಳು ತುಂಬುವ ಕಡೆ ವಾಲಿತು, ಈ ಸಲ ಖರೇನೇ. ಪಟ್ಟಾ ಏರಿಸಿದರು, ಗಾಣದಿಂದ ಕಬ್ಬಿನ ಹಾಲು ಸುರಿಯಿತು, ಹೊಲದ ಮಂದಿಯೆಲ್ಲ ಕೂಗಿದರು. ಸಂಜೆ ಆರರವರೆಗೆ ಒಮ್ಮೆಯೂ ನಿಲ್ಲಲಿಲ್ಲ. ಮೂರು ಕಡಾಯಿ ಬೆಲ್ಲ. ಮೊದಲ ಬಿಸಿ ಬೆಲ್ಲವನ್ನು ಕಾಕಾ ಮಿಸ್ತ್ರಿಯ ಕೈಗಿಟ್ಟರು. ಅವರು ಅರ್ಧ ಮುರಿದು ನನಗೆ ಕೊಟ್ಟರು.

ಕೆಲವು ಯಂತ್ರಕ್ಕೆ ಪ್ಲಸ್, ಕೆಲವಕ್ಕೆ ಮೈನಸ್ ಯಾಕೆ ಎಂದು ಹೊರಡುವಾಗ ಕೇಳಿದೆ. "ಅದು ನನಗೂ ಗೊತ್ತಿಲ್ಲ. ಗೊತ್ತಾದ್ರ ಹೇಳ್ತೀನಿ, ಬರ್ಕೋರಿ," ಎಂದರು. ಅದೇ ವರ್ಷದ ಶ್ರಾವಣದಲ್ಲಿ ಅವರು ತೀರಿಕೊಂಡರು. ದಿನಚರಿಯಲ್ಲಿ ಆ ಸಾಲು ಖಾಲಿ ಇದೆ. ಟ್ರ್ಯಾಕ್ಟರ್ ಇಂದು ಬೆಳಿಗ್ಗೆಯೂ ಮೊದಲ ಯತ್ನಕ್ಕೇ ಎದ್ದಿತು.

ಆ ‘ಯಾಕೆ’ಗೆ ಉತ್ತರ ಬಲ್ಲವರು ದಯವಿಟ್ಟು ನನಗೆ ಬರೆಯಿರಿ. ಏಳು ಲಾರಿ ಎಣಿಸಿ ಅಲ್ಲ, ಅದೇ ಯಂತ್ರವನ್ನು ಕಣ್ಣಾರೆ ನೋಡಿ.