ಮೂಲೆಯ ಯಂತ್ರ

ಕಾರಾ-ಬಾಲ್ಟಾ ಪಟ್ಟಣದ ಬಸ್ ನಿಲ್ದಾಣದ ಹಿಂದಿನ ಕಂಪ್ಯೂಟರ್ ಕ್ಲಬ್ಬನ್ನು ನೋಡಿಕೊಳ್ಳುತ್ತಿದ್ದವಳು ತೊಲ್ಕುನ್. ಬಾಯಿ ಜೋರು, ಕರುಳು ಮೆತ್ತಗೆ. ಆಟಕ್ಕೆ ಬರುವ ಪುಂಡರ ಕಿವಿ ಹಿಂಡುತ್ತಿದ್ದಳು, ಚಳಿಗೆ ನಡುಗಿದರೆ ಅವರಿಗೇ ಚಹಾ ಕೊಡುತ್ತಿದ್ದಳು. ಆ ಕರುಳೇ ಕೊನೆಗೆ ಮುಳುವಾಯಿತು.

ಅಲ್ಲಿನ ಒಂದು ಕಂಪ್ಯೂಟರಿಗೂ ಸ್ವಂತ ಡಿಸ್ಕ್ ಇರಲಿಲ್ಲ. ಎಲ್ಲವೂ ಒಳಕೋಣೆಯ ಸರ್ವರಿನಿಂದಲೇ ಶುರುವಾಗಬೇಕು. ಆಫ್ ಮಾಡಿದರೆ ಬರೆದದ್ದೆಲ್ಲ ಮಾಯ. ಚಿನಾರಾ ಬರುತ್ತಿದ್ದದ್ದೂ ಅದಕ್ಕೇ. ಅವಳ ಗಂಡ ಹೊಡೆಯುವವನು, ಫೋನನ್ನೂ ಕಿತ್ತಿಟ್ಟುಕೊಂಡಿದ್ದ. ಮಗಳೊಂದಿಗೆ ರಷ್ಯಾಕ್ಕೆ ಓಡಿಹೋಗಲು ಅವಳು ಅಲ್ಲಿರುವ ತಂಗಿಗೆ ಗುಟ್ಟಾಗಿ ಬರೆಯುತ್ತಿದ್ದಳು. ಮೈದುನ ಉರ್ಮತ್ ಬೆಳಗಿನ ಹೊತ್ತು ಇಲ್ಲೇ ಆಟಕ್ಕೆ ಕೂರುವವನಾದ್ದರಿಂದ ಸಂಜೆಯೇ ಬರುವಳು.

"ಯಾರಿಗೂ ಕಾಣಲ್ಲ ತಾನೇ, ಅಕ್ಕಾ?"

"ಆಫ್ ಮಾಡಿದ್ರೆ ದೇವರಿಗೂ ಕಾಣಲ್ಲ, ಹೋಗೆ."

ಆ ಗುರುವಾರ ಕ್ಲಬ್ಬು ಕಿಕ್ಕಿರಿದಿತ್ತು. ಖಾಲಿಯಿದ್ದದ್ದು ಮೂಲೆಯ ಯಂತ್ರವೊಂದೇ. ಹೊಸ ಆಟ ಸೇರಿಸಲೆಂದು ತೊಲ್ಕುನ್ ಅದೊಂದನ್ನು ನೇರ ಸರ್ವರಿಗೇ ಬರೆಯುವಂತೆ ಮಾಡಿಟ್ಟಿದ್ದಳು. ಅಂಥ ಹೊತ್ತಿನಲ್ಲಿ ಅದರಲ್ಲಿ ಮಾಡಿದ್ದೆಲ್ಲ ಉಳಿದು, ಮುಂದೆ ಎಲ್ಲ ಯಂತ್ರಗಳಲ್ಲೂ ತೆರೆದುಕೊಳ್ಳುತ್ತದೆ. ಬೇರೆಯವರನ್ನು ಕೂರಿಸಲೇಬಾರದು. ತೊಲ್ಕುನ್‌ಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಬಾಗಿಲಲ್ಲಿ ನಿಂತವಳ ತುಟಿ ಒಡೆದು ರಕ್ತ ಹೆಪ್ಪುಗಟ್ಟಿತ್ತು.

"ಒಂದೇ ಮಾತು ಬರೀಬೇಕು ಅಕ್ಕಾ, ನಿಮಗೆ ಕೈ ಮುಗೀತೀನಿ."

"ಕೂತ್ಕೋ. ಬೇಗ ಮುಗಿಸು."

ಚಿನಾರಾ ಬರೆದು, ಏನನ್ನೂ ಮುಚ್ಚದೆ ಹೋದಳು. ಮುಚ್ಚುವುದು ಬೇಡವೆಂದು ಹೇಳಿಕೊಟ್ಟವಳು ತೊಲ್ಕುನ್ನೇ ಅಲ್ಲವೇ? ಆ ತುಟಿಯನ್ನೇ ನೆನೆಯುತ್ತ ತೊಲ್ಕುನ್ ಆಟ ಸೇರಿಸಿದಳು, ಎಲ್ಲವನ್ನೂ ಉಳಿಸಿದಳು. ಪರದೆಯನ್ನು ಸರಿಯಾಗಿ ನೋಡಲೂ ಇಲ್ಲ. ಬುದ್ಧಿಗೆ ಮಂಕು ಕವಿದಿತ್ತು.

ಶುಕ್ರವಾರ ಬೆಳಿಗ್ಗೆ ಹುಡುಗರು ನುಗ್ಗಿ ಯಂತ್ರಗಳನ್ನು ಆನ್ ಮಾಡಿದರು.

"ಅಕ್ಕಾ, ಇದ್ಯಾರ್ದೋ ಪತ್ರ ಬರ್ತಿದೆಯಲ್ಲ!"

"ನಂದ್ರಲ್ಲೂ ಅದೇ ಕಣೋ! ಯಾರೋ ಚಿನಾರಾ ಅಂತೆ!"

ತೊಲ್ಕುನ್ ಎದ್ದು ಬಂದು ನೋಡಿದಳು. ಸಾಲಿಗೆ ಸಾಲು ಪರದೆಗಳಲ್ಲಿ ಅದೇ ಸಾಲು: 'ಶನಿವಾರ ಬೆಳಗಿನ ಬಸ್ಸಿಗೆ ಮಗಳ ಜೊತೆ ಹೊರಡ್ತೀನಿ.' ಒಳಗೋಡಿ ಸರ್ವರಿನ ವಯರು ಕಿತ್ತಳು. ಅದೂ ತಪ್ಪಾಯಿತು. ಸರ್ವರ್ ಸತ್ತರೆ ಪರದೆಗಳು ಆರುವುದಿಲ್ಲ, ಇದ್ದ ಹಾಗೇ ನಿಂತುಬಿಡುತ್ತವೆ. ಆ ಸಾಲು ಎಲ್ಲೆಡೆ ಅಲ್ಲಾಡದೆ ನಿಂತಿತು.

ಹುಡುಗರು ದುಡ್ಡು ವಾಪಸ್ ಕೊಡೆಂದು ಅರಚಿದರು. ಉರ್ಮತ್ ಅರಚಲಿಲ್ಲ. ನಿಧಾನವಾಗಿ ಓದಿ ಮುಗಿಸಿ, ಟೋಪಿ ಹಾಕಿಕೊಂಡು ಎದ್ದ.

"ನಾಳೇನೇ ಅಂತೆ, ಅಕ್ಕಾ. ಅತ್ತಿಗೆಯ ಚೀಲ ಹೊರೋಕೆ ಜನ ಬೇಕಲ್ಲ," ಎಂದು ನಕ್ಕು ಹೊರಟ.

ಚಿನಾರಾಳ ಮನೆ ಎಲ್ಲಿದೆಯೆಂದು ತೊಲ್ಕುನ್ ಎಂದೂ ಕೇಳಿರಲಿಲ್ಲ. ತಿಳಿಯದಿರುವುದೇ ಕ್ಷೇಮ ಎಂದುಕೊಂಡಿದ್ದಳು. ಈಗ ಆ ಮನೆಯ ದಾರಿ ತೋರಿಸಬಲ್ಲವನು ಒಬ್ಬನೇ. ಕ್ಲಬ್ಬನ್ನು ಹಾಗೇ ತೆರೆದುಬಿಟ್ಟು, ಅವಳು ಅವನ ಹಿಂದೆಯೇ ಓಡಿದಳು.