ಅನ್ನದ ಡಬ್ಬ ಹೊತ್ತ ಸಿಪಾಯಿ

ನಮ್ಮ ಕಡೆ ಸಿಪಾಯಿಗೆ ಮೀಸೆ ಬರುವುದು ಸತ್ತ ಮೇಲೆ. ಬದುಕಿದ್ದಾಗ ಹುಡುಗನ ಮೂತಿಯಲ್ಲಿ ನಾಲ್ಕು ಕೂದಲು ಇರಲಿ, ಇಲ್ಲದಿರಲಿ, ಸ್ಮಾರಕ ಸಮಿತಿಯವರು ನನ್ನ ಶೆಡ್ಡಿಗೆ ಬಂದರೆ ಮೊದಲು ಎತ್ತುವುದು ಮೀಸೆಯ ಮಾತು. ಆಮೇಲೆ ಎದೆ, ಆಮೇಲೆ ಬಂದೂಕು. ಮುಖದ ಸುದ್ದಿಗೆ ಯಾರೂ ಬರುವುದಿಲ್ಲ. ತಮ್ಮ ಹೆಸರು ಕೆತ್ತುವ ಪೀಠದ ಹಲಗೆ ಎಷ್ಟು ಅಗಲ ಬರುತ್ತದೆ ಎಂದು ಮಾತ್ರ ಟೇಪು ಹಿಡಿದು ಅಳೆದುಕೊಂಡು ಹೋಗುತ್ತಾರೆ.

ಹೊಸೂರಿನಿಂದ ರಾಯಕೋಟೆಗೆ ಹೋಗುವ ರಸ್ತೆಯಲ್ಲಿ ಶೆಡ್ಡು ಹಾಕಿಕೊಂಡು ಯುದ್ಧಸ್ಮಾರಕಗಳನ್ನು ಕೆತ್ತುವುದು ನನ್ನ ಕಸುಬು. ಹುಟ್ಟಿದ್ದು ಉದ್ದನಪಲ್ಲಿಯ ಹತ್ತಿರ. ಅಪ್ಪ ಕ್ವಾರಿಯಲ್ಲಿ ಬಂಡೆಗೆ ಕುಳಿ ಹೊಡೆಯುತ್ತಿದ್ದ. ನಮ್ಮ ವಂಶದಲ್ಲಿ ಕಾಲೇಜಿನ ಗೇಟು ದಾಟಿದವನು ನಾನೇ ಮೊದಲು. ರಜೆಯಲ್ಲೆಲ್ಲ ಅದೇ ಕ್ವಾರಿಯ ಧೂಳು ತಿಂದು, ಚೆನ್ನೈಯಲ್ಲಿ ಶಿಲ್ಪಕಲೆಯ ಪದವಿ ಮುಗಿಸಿದೆ. ಶೆಡ್ಡಿನ ಬೋರ್ಡಿನಲ್ಲಿ ನನ್ನ ಹೆಸರಿನ ಮುಂದೆ ಬಿ.ಎಫ್.ಎ. ಎಂದು ತಮಿಳಿನಲ್ಲೂ ಕನ್ನಡದಲ್ಲೂ ಬರೆಸಿದ್ದೇನೆ. ಜಂಬ ಅನ್ನುವವರು ಅಂದುಕೊಳ್ಳಲಿ. ಪುಕ್ಕಟೆ ಸಿಕ್ಕಿದ್ದನ್ನು ಮುಚ್ಚಿಟ್ಟುಕೊಳ್ಳಬಹುದು, ಇದು ಪುಕ್ಕಟೆ ಸಿಕ್ಕಿದ್ದಲ್ಲ.

ನಮ್ಮೂರ ಹೊಲದ ಬದುವಿನಲ್ಲಿ ಒಂದು ಹಳೆಯ ವೀರಗಲ್ಲಿದೆ. ಅದರಲ್ಲಿರುವವನು ಕುಳ್ಳ, ಹೊಟ್ಟೆ ಸ್ವಲ್ಪ ಮುಂದೆ. ಮೈಯಲ್ಲಿ ಬಾಣಗಳು ನೆಟ್ಟಿವೆ, ಪಕ್ಕದಲ್ಲಿ ಅವನು ಬಿಡಿಸಿಕೊಳ್ಳಲು ಹೋದ ದನಗಳು ನಿಂತಿವೆ. ಮನುಷ್ಯ ಹೇಗೆ ಸತ್ತನೋ ಹಾಗೇ ಕೆತ್ತಿದ್ದಾರೆ. ಹಂದಿ ತಿವಿದು ಸತ್ತಿದ್ದರೆ ಹಂದಿಯನ್ನು ಕೆತ್ತುತ್ತಿದ್ದರು. ಅದಕ್ಕಾಗಿ ಯಾವ ಊರೂ ನಾಚಿಕೊಂಡಂತಿಲ್ಲ. ಈಗಿನವರಿಗೆ ನಾಚಿಕೆ ಜಾಸ್ತಿ. ಹೆದ್ದಾರಿ ಪಕ್ಕದ ಅಂಗಡಿಗಳಲ್ಲಿ ಫೈಬರ್ ಸಿಪಾಯಿಗಳು ಸಾಲಾಗಿ ನಿಂತಿರುತ್ತವೆ, ಎಲ್ಲಕ್ಕೂ ಒಂದೇ ಅಚ್ಚಿನ ಮೂಗು. ಕೊಂಡುಕೊಂಡು ಹೋಗಿ ಯಾವ ಊರಲ್ಲಿ ನಿಲ್ಲಿಸಿದರೆ ಆ ಊರಿನ ಹುಡುಗ.

ಕೆಲವು ವರ್ಷಗಳ ಹಿಂದೆ ಡೆಂಕಣಿಕೋಟೆ ಕಡೆಯ ಒಂದು ಹಳ್ಳಿಯ ಸಮಿತಿ ಬಂತು. ಅವರೂರಿನ ಹುಡುಗನೊಬ್ಬ ಗಡಿಯಲ್ಲಿ ತೀರಿಕೊಂಡಿದ್ದ. ಅಧ್ಯಕ್ಷ ಕ್ವಾರಿ ಮಾಲೀಕ. ತನ್ನ ಕ್ವಾರಿಯದೇ ಒಂದು ಕರಿಕಲ್ಲನ್ನು ಲಾರಿಯಲ್ಲಿ ತಂದು ಇಳಿಸಿ, ಪಾಸ್‌ಪೋರ್ಟ್ ಸೈಜಿನ ಫೋಟೋ ಒಂದನ್ನು ಕೈಗಿಟ್ಟು, "ಮಿಲಿಟ್ರಿ ಸ್ಟೈಲಾಗಿ ಮಾಡ್ಬುಡಿ ತಂಬಿ, ನೋಡ್ದೋರು ಸಲ್ಯೂಟ್ ಹೊಡೀಬೇಕು" ಎಂದ. ಹುಡುಗ ಸೈನ್ಯದಲ್ಲಿ ಏನು ಕೆಲಸ ಮಾಡುತ್ತಿದ್ದ ಎಂದು ಕೇಳಿದೆ. "ಮಿಲಿಟ್ರೀಲಿ ಏನ್ ಮಾಡ್ತಾರೆ, ಮಿಲಿಟ್ರಿ ಕೆಲ್ಸಾನೇ" ಎಂದು ಕಾರು ಹತ್ತಿದ.

ಮಾರನೆಯ ವಾರ ಹುಡುಗನ ತಾಯಿ ಬಸ್ಸಿನಲ್ಲಿ ಬಂದಳು. ಸೆರಗಿನ ಗಂಟಿನಿಂದ ಫೋನು ತೆಗೆದು ಒಂದು ಫೋಟೋ ತೋರಿಸಿದಳು. ಹುಡುಗ ಬೆನ್ನಿಗೆ ದೊಡ್ಡ ಡಬ್ಬ ಕಟ್ಟಿಕೊಂಡು, ಎದೆಯ ಮೇಲೆ ಹಾದ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು, ಹಿಮದಲ್ಲಿ ನಿಂತು ನಗುತ್ತಿದ್ದ.

"ಅಡ್ಗೆ ಮಾಡ್ತಿದ್ದ ಕಣಪ್ಪ. ಮ್ಯಾಲಿನ ಕಾವ್ಲಿನೋರಿಗೆ ಅನ್ನ ಹೊತ್ಕೊಂಡು ಹೋಗ್ತಿದ್ದಾಗ ಶೆಲ್ ಬಿತ್ತಂತೆ. ಡಬ್ಬ ಬೆನ್ ಮ್ಯಾಲೆ ಹಂಗೇ ಇತ್ತು ಅಂದ್ರು, ಪೆಟ್ಗೆ ಜೊತೇಲಿ ಬಂದೋರು. ನನ್ ಮಗ ಕೋವಿ ಹಿಡ್ದು ಯಾರ್ನೂ ಸುಡ್ಲಿಲ್ಲ. ಕೋವಿ ಕೊಟ್ ನಿಲ್ಸಿದ್ರೆ ಅದು ಬೇರೆ ಯಾರೋ ಆಗೋಯ್ತದೆ. ಇರೋದ್ ಒಂದು ಕಲ್ಲು, ಅದ್ರಾಗಾದ್ರೂ ಅವನೇ ಇರ್ಲಿ."

ನಾನು ಅವನನ್ನೇ ಕೆತ್ತಿದೆ. ಡಬ್ಬದ ಭಾರಕ್ಕೆ ಮುಂದೆ ಬಾಗಿದ ಭುಜ, ಹಗ್ಗ ಹಿಡಿದ ಬೆರಳು, ಬೋಳು ತುಟಿ. ಕಣ್ಣೊಂದನ್ನು ಬಿಟ್ಟು ಎಲ್ಲ ಮುಗಿದಿತ್ತು. ಕಣ್ಣನ್ನು ಕೊನೆಗೆ ಕೆತ್ತುವುದು ನಮ್ಮ ಕಸುಬಿನ ಕ್ರಮ. ಆ ಹೊತ್ತಿಗೆ ಸಮಿತಿ ನೋಡಲು ಬಂತು.

ಅಧ್ಯಕ್ಷ ಕಲ್ಲನ್ನು ಒಂದು ಸುತ್ತು ಹಾಕಿದ. "ಇದೇನಿದು ಬೆನ್ ಮ್ಯಾಲೆ? ಗ್ಯಾಸ್ ಸಿಲಿಂಡ್ರಾ?"

"ಅನ್ನದ ಡಬ್ಬ."

"ತಮಾಸೆ ಮಾಡ್ತೀಯಾ? ಅಡ್ಗೆಯೋನ್ನ ಸರ್ಕಲ್ಲಲ್ಲಿ ನಿಲ್ಸಿದ್ರೆ ಪಕ್ಕದೂರೋರು ನಮ್ಮನ್ನ ಊಟುಕ್ಕೆ ಎಷ್ಟೊತ್ತಿಗೆ ಬರೋಣ ಅಂತ ಕೇಳ್ತಾರೆ."

ಹಿಂದಿದ್ದವರು ನಕ್ಕರು. ನಗುವುದಕ್ಕೆಂದೇ ಅವನು ಕರೆದುಕೊಂಡು ಬಂದಿದ್ದವರು.

"ಅವನ ಅಮ್ಮ ಕೇಳಿದ್ದು ಇದನ್ನೇ" ಎಂದೆ.

"ಅಮ್ಮಂಗೇನ್ ಗೊತ್ತಾಯ್ತದೆ? ಡಬ್ಬ ಸೀಳಾಕು, ಅದೇ ಕಲ್ಲಲ್ಲಿ ಕೋವಿ ಎಬ್ಸು. ನಿನ್ ಕೈಲಾಗ್ದಿದ್ರೆ ಶುಕ್ರವಾರ ನಮ್ ಕ್ವಾರಿ ಕಲ್ ಕೊಯ್ಯೋ ಮಷೀನೋನ್ನ ಕರ್ಕೊಂಡ್ ಬತ್ತೀನಿ. ಅವ್ನೇನ್ ಡಿಗ್ರಿ ಓದಿಲ್ಲ, ಹೇಳಿದ್ ಕೇಳ್ತಾನೆ."

ಅದು ಆಗದ ಕೆಲಸವಾಗಿರಲಿಲ್ಲ. ಮಷೀನು ಇಟ್ಟರೆ ಡಬ್ಬ ಹೋಗುತ್ತದೆ, ಉಳಿದ ದಪ್ಪದಲ್ಲಿ ಬಂದೂಕಿನಂಥದ್ದು ಏನೋ ಏಳುತ್ತದೆ. ಕಲ್ಲು ಅವನದು. ಕೊಡುವುದಿಲ್ಲ ಎನ್ನಲು ನನಗೆ ಹಕ್ಕಿಲ್ಲ. ಬುದ್ಧಿ ಹೇಳೋಣವೆಂದರೆ, ಹೆತ್ತವಳ ಮಾತೇ ತಾಗದ ಚರ್ಮಕ್ಕೆ ನನ್ನ ಮಾತು ತಾಗುತ್ತದೆಯೇ? ಆದರೆ ಅವನು ಯಾವುದಕ್ಕೆ ಹೆದರುತ್ತಾನೆಂದು ನನಗೆ ಗೊತ್ತಿತ್ತು. ಐದು ಬೆರಳಿಗೂ ಹರಳಿನ ಉಂಗುರ, ಕಾರಿನ ಮುಂದೆ ಕಟ್ಟಿದ ನಿಂಬೆಹಣ್ಣು ಮೆಣಸಿನಕಾಯಿ. ಮೂರು ಗುಡ್ಡಗಳನ್ನು ಸಿಡಿಸಿ ಮಾರಿದವನು ರಾಹುಕಾಲದಲ್ಲಿ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ.

ನಮ್ಮಲ್ಲಿ ಒಂದು ಕಟ್ಟಳೆ ಇದೆ. ದೇವರಾಗಲಿ ವೀರನಾಗಲಿ, ಕಣ್ಣು ತೆರೆಸಿದ ಕಲ್ಲಿಗೆ ಮತ್ತೆ ಉಳಿ ತಾಕಿಸಬಾರದು. ತಾಕಿಸಿದವನ ಮನೆ ಉಳಿಯುವುದಿಲ್ಲ ಎನ್ನುತ್ತಾರೆ. ನಾನು ಓದಿದವನು, ಇದನ್ನು ನಂಬುವುದಿಲ್ಲ. ನಂಬುವವರು ಇರುವಾಗ ನಾನೂ ಏಕೆ ನಂಬಬೇಕು?

ತಾಯಿಗೆ ಫೋನು ಮಾಡಿದೆ. ಗುರುವಾರ ಬೆಳಿಗ್ಗೆ ಎಣ್ಣೆ, ಕುಂಕುಮ, ತೆಂಗಿನಕಾಯಿ ಹಿಡಿದು ಬಂದಳು. ಕಣ್ಣು ತೆರೆಸುವಾಗ ಕಲ್ಲಿನ ಎದುರು ಕನ್ನಡಿಯನ್ನೋ ಕರುವನ್ನೋ ನಿಲ್ಲಿಸುವುದು ವಾಡಿಕೆ, ಮೊದಲ ನೋಟ ಒಳ್ಳೆಯದರ ಮೇಲೆ ಬೀಳಲಿ ಎಂದು. ನಾನು ಅವಳನ್ನು ನಿಲ್ಲಿಸಿದೆ. ಸಣ್ಣ ಉಳಿಯಿಂದ ಎರಡು ಕಣ್ಣಿನ ಗೆರೆ ಬಿಡಿಸಿ ಪಕ್ಕಕ್ಕೆ ಸರಿದೆ. ಅವಳು ಬಹಳ ಹೊತ್ತು ನೋಡಿ, "ಒಂಚೂರು ಇಳ್ದೋಗವ್ನೆ" ಎಂದಳು. ಆಮೇಲೆ ಕಾಯಿ ಒಡೆದಳು.

ಶುಕ್ರವಾರ ಅಧ್ಯಕ್ಷ ಮಷೀನಿನವನ ಜೊತೆ ಒಳಗೆ ಬಂದವನು ಕಲ್ಲಿನ ಹಣೆಯ ಮೇಲೆ ಕುಂಕುಮ ಕಂಡು ಅಲ್ಲೇ ನಿಂತ.

"ಕಣ್ ಬಿಡ್ಸ್‌ಬುಟ್ಟಾ?"

"ಬಿಡಿಸಿದೆ. ಇನ್ನು ನಿಮ್ಮಿಷ್ಟ."

ಅಧ್ಯಕ್ಷ ಮಷೀನಿನವನ ಮುಖ ನೋಡಿದ. ಅವನಾಗಲೇ ವೈರು ಸುತ್ತುತ್ತಿದ್ದ. "ನಂಗೆ ಮಕ್ಳವ್ರೆ ಅಣ್ಣಾ. ಬೇಕಾದ್ರೆ ಸ್ವಿಚ್ ಹಾಕ್ ಕೊಡ್ತೀನಿ, ನೀವೇ ಹಿಡ್ಕೊಳ್ಳಿ."

ಬಂದೂಕಿಲ್ಲದ ಸಿಪಾಯಿಯ ಮುಂದೆ ಅಧ್ಯಕ್ಷ ಚಪ್ಪಲಿ ಬಿಟ್ಟು ಕೈ ಮುಗಿದ. ಹುಡುಗನ ಪೆಟ್ಟಿಗೆ ಊರಿಗೆ ಬಂದ ದಿನ ಅವನು ಚಪ್ಪಲಿ ಬಿಟ್ಟಿದ್ದನೋ ಇಲ್ಲವೋ ತಿಳಿಯದು.

ಇಂಥವರು ಸೋತರೂ ಸೋಲುವುದಿಲ್ಲ. ಅನಾವರಣದ ದಿನ ಸರ್ಕಲ್ಲಿನಲ್ಲಿ ಪರದೆ ಸರಿದಾಗ ನೋಡುತ್ತೇನೆ, ನನ್ನ ಹುಡುಗನ ಭುಜಕ್ಕೆ ಮರದ ಬಂದೂಕೊಂದನ್ನು ತಂತಿಯಲ್ಲಿ ಕಟ್ಟಿದ್ದಾರೆ. ನಾಟಕದ ಸಾಮಾನು, ಕರಿ ಬಣ್ಣ ಇನ್ನೂ ಒಣಗಿರಲಿಲ್ಲ. ಉಳಿ ತಾಕಿಸಬಾರದು ಎಂದು ಕಟ್ಟಳೆ, ತಂತಿ ಸುತ್ತಬಾರದು ಎಂದು ಎಲ್ಲಿದೆ? ಜನ ಚಪ್ಪಾಳೆ ತಟ್ಟಿದರು. ಅಧ್ಯಕ್ಷ ಮೈಕಿನ ಮುಂದೆ ನಿಂತು, ಈ ಮಣ್ಣಿನ ಹುಲಿ ಶತ್ರುಗಳನ್ನು ಹೇಗೆ ಬೇಟೆಯಾಡಿತು ಎಂದು ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಬಣ್ಣಿಸತೊಡಗಿದ.

ತಾಯಿ ಕುರ್ಚಿಯಿಂದ ಎದ್ದು ಪೀಠ ಹತ್ತಿದಳು. ಹಾರ ಹಾಕುವುದಕ್ಕೆಂದು ತಿಳಿದು ಎಲ್ಲರೂ ದಾರಿ ಬಿಟ್ಟರು. ಅವಳು ಅವಸರವಿಲ್ಲದೆ, ಹುರುಳಿಬಳ್ಳಿ ಬಿಡಿಸುವ ಹಾಗೆ, ತಂತಿ ಬಿಚ್ಚಿದಳು. ಬಂದೂಕನ್ನು ಎರಡು ಕೈಯಲ್ಲಿ ಹಿಡಿದು ಇಳಿದು ಬಂದು ಅಧ್ಯಕ್ಷನ ಮುಂದೆ ಚಾಚಿದಳು.

"ಯಾರೋ ಮರ್ತೋಗವ್ರೆ ಕಣಪ್ಪ. ನಮ್ ಹುಡ್ಗುಂದಲ್ಲ. ತಕೋ."

ಮೈಕು ಅದನ್ನು ಇಡೀ ಸರ್ಕಲ್ಲಿಗೆ ಕೇಳಿಸಿತು. ಅಷ್ಟು ಜನರ ಮುಂದೆ ಬೇಡ ಎನ್ನಲಾಗದೆ ಅವನು ತೆಗೆದುಕೊಂಡ. ಎಲ್ಲಿಡುವುದೆಂದು ತಿಳಿಯದೆ ಹಿಡಿದುಕೊಂಡೇ ನಿಂತ. ಬಿಳಿ ಅಂಗಿಗೆ ಕರಿ ಬಣ್ಣ ಹತ್ತಿತು.

ಅವತ್ತಿನ ಗ್ರೂಪ್ ಫೋಟೋಕ್ಕೆ ಕಟ್ಟು ಹಾಕಿಸಿ ಶೆಡ್ಡಿನಲ್ಲಿ, ನನ್ನ ಪದವಿ ಪತ್ರದ ಪಕ್ಕದಲ್ಲೇ ನೇತುಹಾಕಿದ್ದೇನೆ. ಹೊಸ ಸಮಿತಿಯವರು ಬಂದಾಗೆಲ್ಲ ತೋರಿಸುತ್ತೇನೆ. ನಡುವೆ ಅನ್ನದ ಡಬ್ಬ ಹೊತ್ತ ಹುಡುಗ, ಒಂದು ಪಕ್ಕ ಅವನ ತಾಯಿ, ಇನ್ನೊಂದು ಪಕ್ಕ ಅಧ್ಯಕ್ಷ. ಇಡೀ ಫೋಟೋದಲ್ಲಿ ಬಂದೂಕು ಹಿಡಿದಿರುವವನು ಅವನೊಬ್ಬನೇ. ಮೀಸೆಯೂ ಇದೆ.